ಹಳದಿ ಗೆರೆ ಮತ್ತು ಖಾಲಿ ಹಾಳೆ

ಹುಬ್ಬಳ್ಳಿಯ ವಿದ್ಯಾನಗರಕ್ಕೆ ಆ ಹೆಸರು ಅನ್ವರ್ಥಕವೇ ಸರಿ. 1947ರಲ್ಲಿ ಆರಂಭವಾಗಿ 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು, ಜಾಬಿನ್ ವಿಜ್ಞಾನ ಕಾಲೇಜು, ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಆಗಿಯೇ ಉಳಿದಿರುವ ವೈದ್ಯಕೀಯ ಕಾಲೇಜು, ಎಲ್ಲವೂ ಇಲ್ಲಿಯೇ. ಪರೀಕ್ಷೆ ಸಮೀಪಿಸಿತೆಂದರೆ ಝೆರಾಕ್ಸ್ ಅಂಗಡಿಗಳ ಮುಂದೆ ಕಾಲಿಡಲು ಸ್ಥಳವಿರುವುದಿಲ್ಲ. ಯಾರೋ ಒಬ್ಬ ಜಾಣನ ನೋಟ್ಸು ನಲವತ್ತು ಪ್ರತಿಗಳಾಗಿ ನಲವತ್ತು ಕೋಣೆಗಳನ್ನು ಸೇರುತ್ತದೆ. ಈಚೆಗೆ ಮೊಬೈಲಿನಲ್ಲಿಯೂ ಹರಿದಾಡುತ್ತದೆ. ಆದರೆ ಬರೆಯುವಾಗ ಆ ಜಾಣನ ತಲೆಯಲ್ಲಿ ನಡೆದ ಕೆಲಸಕ್ಕೆ ಪ್ರತಿ ತೆಗೆಯುವ ಯಂತ್ರ ಇನ್ನೂ ಬಂದಿಲ್ಲ.

ನವಲಗುಂದದ ಕಡೆಯ ಹುಡುಗನೊಬ್ಬ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದವನು, ನನ್ನಲ್ಲಿಗೆ ಬಂದಿದ್ದ. ಅವನ ಪುಸ್ತಕದಲ್ಲಿ ಹಳದಿ ಗೆರೆ ಬೀಳದ ಸಾಲೇ ಇರಲಿಲ್ಲ. “ಓದುವಾಗ ಎಲ್ಲಾ ತಿಳೀತದರಿ ಸರ, ಪೇಪರ್ ಮುಂದ ಬಂದ್ರ ಏನೂ ನೆನಪಾಗಂಗಿಲ್ಲ. ಊರಿಗೆ ಹೊಳ್ಳಿ ಹೋಗತೀನ್ರಿ” ಎಂದ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ಅವನೊಬ್ಬನೇ.

ಪುಸ್ತಕ ಮುಚ್ಚಿಸಿ ಖಾಲಿ ಹಾಳೆ ಕೊಟ್ಟೆ. ರಾತ್ರಿ ನೀರಿಗೆ ಹಾಕಿದ ಒಣದ್ರಾಕ್ಷಿ ಬೆಳಿಗ್ಗೆ ಏಕೆ ಉಬ್ಬುತ್ತದೆ, ಕನ್ನಡದಲ್ಲಿಯೇ ಬರೆ ಎಂದೆ. ಅರ್ಧ ಪುಟ ಬರೆದ. ನಡುವೆ ಎರಡು ಕಡೆ ತಡೆದ. ಆ ಎರಡನ್ನಷ್ಟೇ ಪುಸ್ತಕದಲ್ಲಿ ನೋಡಿಕೊಂಡು, ಬಳಿಕ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದೆ. ಅವನಿಗೆ ತೊಡಕಾಗಿದ್ದುದು ಅರ್ಧ ವಿಷಯ, ಅರ್ಧ ಭಾಷೆ. ಎರಡೂ ಒಟ್ಟಿಗೆ ಮೇಲೆ ಬಿದ್ದಾಗ ತನಗೆ ತಲೆಯೇ ಇಲ್ಲವೆಂದು ಅವನು ತಿಳಿದಿದ್ದ.

ಇದು ನನ್ನ ಕೈಮದ್ದೇನಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಗದ್ಯಭಾಗವೊಂದನ್ನು ಎರಡು ಸಲ ಓದಿದವರು ಐದು ನಿಮಿಷದ ಬಳಿಕ ಶೇ. 81ರಷ್ಟನ್ನು ನೆನಪಿಸಿಕೊಂಡರು, ಒಮ್ಮೆ ಓದಿ, ಒಮ್ಮೆ ನೋಡದೆ ಬರೆದವರು ಶೇ. 75ರಷ್ಟನ್ನು. ವಾರದ ನಂತರ ಲೆಕ್ಕ ತಿರುಗಿಬಿತ್ತು: ಓದಿದವರದು 42, ಬರೆದವರದು 56. ಐದು ನಿಮಿಷದ ಆ ಗೆಲುವೇ ಹಳದಿ ಗೆರೆಯ ಮೋಸ. ಕಣ್ಣಿಗೆ ಪರಿಚಯವಾದುದನ್ನು ಮನಸ್ಸು ಕಲಿತೆನೆಂದು ನಂಬಿಬಿಡುತ್ತದೆ.

ಗಿಳಿಪಾಠವೆಂದು ನಾವು ಹಳಿಯುವ ಮಗ್ಗಿಯಲ್ಲಿಯೂ ಈ ಗುಟ್ಟಿನ ಒಂದು ಪಾಲಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು “ಹದಿನೇಳ ಎಂಟಲೆ?” ಎಂದು ನಡುವಿನಿಂದ ಕೇಳುತ್ತಿದ್ದರು, ಪುಸ್ತಕ ಮುಚ್ಚಿಟ್ಟೇ.

ಹುಡುಗನಿಗೆ ನಾನು ಹಾಕಿಕೊಟ್ಟ ಕ್ರಮ ಇಷ್ಟೇ: ಇಂದು ಓದಿದ್ದನ್ನು ನಾಳೆ, ಆಮೇಲೆ ನಾಲ್ಕು ದಿನಕ್ಕೆ, ಮತ್ತೆ ಹದಿನೈದು ದಿನಕ್ಕೆ ನೋಡದೆ ಬರೆಯುವುದು. ಮೊದಲ ವಾರ ಬಹಳ ಬೇಸರಪಟ್ಟ. ತಿಂಗಳ ಕಿರುಪರೀಕ್ಷೆಯಲ್ಲಿ ಪಾಸಾದ ಮೇಲೆ ಊರಿನ ಮಾತು ತೆಗೆಯಲಿಲ್ಲ. ಝೆರಾಕ್ಸ್ ಅಂಗಡಿಗೆ ಈಗಲೂ ಹೋಗುತ್ತಾನೆ, ಅವರು ಬಿಸಾಡುವ ಕೆಟ್ಟ ಪ್ರತಿಗಳನ್ನು ಕೇಳಿ ತರಲು. ಅವುಗಳ ಹಿಂಬದಿ ಖಾಲಿ ಇರುತ್ತದಲ್ಲ!