ಹೆಲ್ಮೆಟ್ ಮೇಲೊಂದು ಕಣ್ಣು

ಲಂಡನ್ ನೋಡೋಕೆ ಬಂದವರು ಬೇಕರ್ ಸ್ಟ್ರೀಟಿನಲ್ಲಿ ಇಳಿದು, ಶೆರ್ಲಾಕ್ ಹೋಮ್ಸ್ ಮ್ಯೂಸಿಯಂ ಮುಂದೆ ಸೆಲ್ಫಿ ತಗೊಂಡು ವಾಪಸ್ ಟ್ಯೂಬ್ ಹತ್ತುತ್ತಾರೆ. ಅಲ್ಲಿಂದ ಐದು ನಿಮಿಷ ನಡೆದರೆ ರೀಜೆಂಟ್ಸ್ ಪಾರ್ಕ್. ಅದನ್ನು ಸುತ್ತುವ ರಸ್ತೆಯ ಹೆಸರು ಔಟರ್ ಸರ್ಕಲ್. ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಕಿಲೋಮೀಟರ್. ಎರಡು ವರ್ಷದ ಪ್ರಾಜೆಕ್ಟಿಗೆ ಅಂತ ಬಂದ ನನಗೆ ಬೆಳಗ್ಗೆ ಆರು ಗಂಟೆಯ ಈ ರಸ್ತೆ ತುಂಬಾ ಇಷ್ಟ. ಒಂದು ಕಡೆ ಸೆಂಟ್ರಲ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟ, ಇನ್ನೊಂದು ಕಡೆ ಲಂಡನ್ ಝೂ, ನಡುವೆ ಗುಂಪು ಗುಂಪಾಗಿ ಸೈಕಲ್‌ಗಳು.

ಮೊದಲ ವಾರ ನನ್ನ ಕಣ್ಣಿಗೆ ಬಿದ್ದದ್ದು ಕ್ಯಾಮೆರಾಗಳು. ಹೆಲ್ಮೆಟ್ ಮೇಲೆ ಒಂದು, ಹ್ಯಾಂಡಲ್ ಮೇಲೆ ಒಂದು, ಕೆಲವರಿಗೆ ಸೀಟಿನ ಕೆಳಗೂ ಒಂದು. "ವ್ಲಾಗ್ ಮಾಡ್ತೀರಾ?" ಅಂತ ಒಬ್ಬರನ್ನು ಕೇಳಿದೆ. ಅವರು ನಕ್ಕು, "ಇಲ್ಲ, ಸಾಕ್ಷಿಗೆ" ಅಂದರು.

ಇಲ್ಲಿನ ನಿಯಮ ಹೀಗಿದೆ. 2022ರ ಜನವರಿಯಲ್ಲಿ ಬದಲಾದ ಹೈವೇ ಕೋಡ್ ಪ್ರಕಾರ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ ದಾಟುವಾಗ ಕನಿಷ್ಠ 1.5 ಮೀಟರ್ ಜಾಗ ಬಿಡಬೇಕು. ಬಿಡದಿದ್ದರೆ ವಿಡಿಯೊವನ್ನು ಪೊಲೀಸರಿಗೆ ಆನ್‌ಲೈನ್‌ನಲ್ಲೇ ಕಳಿಸಬಹುದು. ಕೇಸ್ ಹಾಕುವುದಾದರೆ 14 ದಿನದೊಳಗೆ ಗಾಡಿ ಮಾಲೀಕರಿಗೆ ನೋಟಿಸ್ ಹೋಗಬೇಕು, ಹಾಗಾಗಿ ತಡ ಮಾಡೋ ಹಾಗಿಲ್ಲ. ಎಲ್ಲದಕ್ಕೂ ದಂಡವೇ ಅಂತಿಲ್ಲ. ಎಚ್ಚರಿಕೆ ಪತ್ರ ಬರಬಹುದು, ಡ್ರೈವಿಂಗ್ ಪಾಠದ ಕ್ಲಾಸಿಗೆ ಕಳಿಸಬಹುದು, ತೀರಾ ಮೀರಿದರೆ ಕೋರ್ಟು. ಬರ್ಮಿಂಗ್‌ಹ್ಯಾಮ್ ಕಡೆಯ ಪೊಲೀಸರು 2016ರಲ್ಲೇ ಮಫ್ತಿಯಲ್ಲಿ ಸೈಕಲ್ ತುಳಿದು, ತೀರಾ ಹತ್ತಿರದಿಂದ ಹೋದವರನ್ನು ಮುಂದೆ ನಿಲ್ಲಿಸಿ, ನೆಲಕ್ಕೆ ಚಾಪೆ ಹಾಸಿ "ಇಷ್ಟು ಜಾಗ ಬಿಡಬೇಕು" ಅಂತ ತೋರಿಸಿದ್ದರು.

ರೀಜೆಂಟ್ಸ್ ಪಾರ್ಕಿನ ಒಂದು ತಿರುವಿಗೆ ಸೈಕಲ್‌ನವರು ಇಟ್ಟ ಹೆಸರು ಗ್ಯಾಂಡಾಲ್ಫ್ ಕಾರ್ನರ್. ಕ್ಯೂ ತಪ್ಪಿಸಿ ರಾಂಗ್ ಸೈಡಲ್ಲಿ ನುಗ್ಗುವ ಕಾರುಗಳ ಎದುರು 'ಸೈಕ್ಲಿಂಗ್ ಮೈಕಿ' ಎಂದೇ ಹೆಸರಾದ ಮೈಕ್ ವಾನ್ ಅರ್ಪ್ ಕ್ಯಾಮೆರಾ ಹಿಡಿದು ನಿಂತುಬಿಡುತ್ತಾರೆ. ಅವರ ತಂದೆ ತೀರಿಕೊಂಡದ್ದು ಕುಡಿದು ಗಾಡಿ ಓಡಿಸಿದವನಿಂದ. ಶೆರ್ಲಾಕ್ ಹೋಮ್ಸ್ ಸಿನಿಮಾದ ನಿರ್ದೇಶಕ ಗೈ ರಿಚಿ ಕಾರಿನಲ್ಲಿ ಮೆಸೇಜ್ ಮಾಡುತ್ತಾ ಸಿಕ್ಕಿಬಿದ್ದು, 2020ರಲ್ಲಿ ಆರು ತಿಂಗಳು ಡ್ರೈವಿಂಗ್ ಮಾಡದಂತಾಗಿದ್ದು ಇವರ ಕ್ಯಾಮೆರಾದಿಂದಲೇ. ಇವರನ್ನು ಮೆಚ್ಚುವವರು ಎಷ್ಟೋ, ಬೈಯುವವರೂ ಅಷ್ಟೇ ಇದ್ದಾರೆ.

ಬೈಯುವವರ ಮಾತಲ್ಲೂ ಅರ್ಥ ಇದೆ ಅಂತ ನನಗೆ ಗೊತ್ತಾಗಿದ್ದು ನನ್ನ ಸರದಿ ಬಂದಾಗ. ನವೆಂಬರ್‌ನ ಒಂದು ಸಂಜೆ, ಕ್ಯಾಮ್ಡೆನ್ ಕಡೆ ಹೋಗುತ್ತಿದ್ದೆ. ಪಾರ್ಸೆಲ್ ವ್ಯಾನ್ ಒಂದರ ಕನ್ನಡಿ ನನ್ನ ಮೊಣಕೈ ಸವರಿಕೊಂಡೇ ಹೋಯಿತು. ಫುಟ್‌ಪಾತಿಗೆ ಹತ್ತಿ ನಿಂತೆ. ಕಾಲು ನಡುಗುತ್ತಿತ್ತು. ಮನೆಗೆ ಬಂದು ವಿಡಿಯೊ ನೋಡಿದರೆ ನಂಬರ್ ಸ್ಪಷ್ಟವಾಗಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ಡ್ರೈವರ್ ಮುಖವೂ ಕಾಣುತ್ತಿತ್ತು. ನನ್ನದೇ ವಯಸ್ಸಿನ ಹುಡುಗ, ನನ್ನ ಹಾಗೇ ಎಲ್ಲಿಂದಲೋ ಬಂದವನಿರಬೇಕು. ದಿನಕ್ಕೆ ಎಷ್ಟು ಡೆಲಿವರಿ ಮುಗಿಸಬೇಕೋ ಪಾಪ. ಲೈಸೆನ್ಸ್ ಹೋದರೆ ಕೆಲಸವೂ ಹೋಗುತ್ತೆ. ನಾಲ್ಕು ದಿನ ಆ ಫೈಲ್ ಲ್ಯಾಪ್‌ಟಾಪಿನಲ್ಲೇ ಇತ್ತು.

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಹೇಳಿದೆ. ಅಪ್ಪ ಮೇಷ್ಟ್ರು. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಿಂದ ದಿನಾ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಲಾರಿಯೊಂದು ತಗುಲಿಸಿಕೊಂಡು ನಿಲ್ಲಿಸದೆ ಹೋಯಿತು. ಕಾಲಿಗೆ ರಾಡ್ ಬಿತ್ತು. "ನಂಬರ್ ನೋಡಿದ್ರಾ?" ಅಂತ ಎಲ್ಲರೂ ಕೇಳಿದರು. ಯಾರೂ ನೋಡಿರಲಿಲ್ಲ. ವಿಷಯ ಅಲ್ಲಿಗೇ ಮುಗಿಯಿತು. ಅಪ್ಪ ಮತ್ತೆ ಸೈಕಲ್ ಮುಟ್ಟಲಿಲ್ಲ.

ನಾನು ಹೇಳಿದ್ದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವನ ಅನ್ನಕ್ಕೆ ಕಲ್ಲು ಹಾಕ್ತೀನಿ ಅನ್ನಿಸುತ್ತೆ, ಅಲ್ವಾ ಮಗಾ? ಆದ್ರೆ ನಾಳೆ ಅವನು ಯಾರನ್ನೋ ಬೀಳಿಸಿದ್ರೆ ಅವನ ಬದುಕೂ ಮುಗೀತು. ಕಳಿಸು. ಕೋಪದಲ್ಲಿ ಬರೀಬೇಡ. ನಡೆದದ್ದು ಎಷ್ಟೋ ಅಷ್ಟೇ ಬರಿ."

ಅಷ್ಟೇ ಬರೆದೆ. ಬೇಕಾದರೆ ಕೋರ್ಟಿಗೂ ಬರುತ್ತೇನೆ ಅಂತ ಒಪ್ಪಿಕೊಂಡು ಕಳಿಸಿದೆ. ಆ ಕ್ಲಿಪ್ಪನ್ನು ಎಲ್ಲೂ ಪೋಸ್ಟ್ ಮಾಡಲಿಲ್ಲ. ಹುಡುಗನ ಮುಖ ಜಗತ್ತಿಗೆ ತೋರಿಸಿ ನನಗೇನಾಗಬೇಕು?

ನಮ್ಮ ಬೆಂಗಳೂರಿನಲ್ಲೂ ಟ್ರಾಫಿಕ್ ಪೊಲೀಸರ 'ಪಬ್ಲಿಕ್ ಐ' ಬಂದು ವರ್ಷಗಳಾದವು. ಫುಟ್‌ಪಾತ್ ಮೇಲೆ ನಿಂತ ಕಾರಿನ ಫೋಟೋ ನಾನೂ ಕಳಿಸಿದ್ದುಂಟು. ಆದರೆ ಸೈಕಲ್ ಪಕ್ಕ ಸವರಿಕೊಂಡು ಹೋದ ಗಾಡಿ ಒಂದು ಫೋಟೋದಲ್ಲಿ ಸಿಗೋದಿಲ್ಲ. ಅದಕ್ಕೆ ವಿಡಿಯೊ ಬೇಕು, ಎಷ್ಟು ಜಾಗ ಬಿಡಬೇಕು ಅನ್ನೋ ಅಳತೆ ಬೇಕು, ಆ ವಿಡಿಯೊವನ್ನು ಕೂತು ನೋಡೋ ಒಬ್ಬರು ಬೇಕು. ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತೆ, ಉಳಿದದ್ದು ಸಿಗೋದಿಲ್ಲ.

ಮೂರು ವಾರ ಬಿಟ್ಟು ಮೇಲ್ ಬಂತು. ವಿಡಿಯೊ ನೋಡಿದ್ದೇವೆ, ಕ್ರಮ ಕೈಗೊಂಡಿದ್ದೇವೆ ಅಂತಷ್ಟೇ ಇತ್ತು. ಯಾವ ಕ್ರಮ ಅಂತ ಹೇಳಿರಲಿಲ್ಲ. ಕ್ಲಾಸಿಗೆ ಕಳಿಸಿರಲಿ ಅಂತ ಮನಸ್ಸಲ್ಲೇ ಅಂದುಕೊಂಡೆ. ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ.

ಅರ್ಧ ಗಂಟೆ ಬಿಟ್ಟು ಅವರ ವಾಯ್ಸ್ ಮೆಸೇಜ್ ಬಂತು: "ಉತ್ತರ ಅಂತ ಒಂದು ಕೊಟ್ರಲ್ಲ, ಅಷ್ಟು ಸಾಕು."