ಹಿಂದೆ ನಿಂತವರ ಹೆಸರು

ಕಾಚಿಗೂಡ, ಹೈದರಾಬಾದ್

ಪ್ರೀತಿಯ ಅಕ್ಕನಿಗೆ,

ನಿನ್ನೆ ಚೌಮಹಲ್ಲಾ ಅರಮನೆ ನೋಡಿಬಂದೆ. ದರ್ಬಾರ್ ಹಾಲಿನ ಝೂಮರುಗಳನ್ನು ನೋಡಲು ಜನವೋ ಜನ. ನನ್ನ ಕಾಲು ನಿಂತದ್ದು ಹಳೆಯ ಫೋಟೋಗಳ ಮುಂದೆ. ನಮ್ಮ ಕಲಬುರಗಿಯೂ ನಿಜಾಮರ ಸೀಮೆಯಲ್ಲಿದ್ದ ಕಾಲದ ಮುಖಗಳಲ್ಲವೇ!

ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರು ರಾಜಾ ದೀನ್ ದಯಾಳ್. 1892ರಲ್ಲಿ ಅವರು ಗೋಷಾದ ಹೆಂಗಸರಿಗೆಂದೇ ಇಲ್ಲೊಂದು ಜನಾನಾ ಸ್ಟುಡಿಯೋ ತೆರೆದಿದ್ದರು. ಸುತ್ತ ಎತ್ತರದ ಗೋಡೆ; ಒಳಗಿನ ಉಸ್ತುವಾರಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯದು. ದೀನ್ ದಯಾಳರ 2,857 ಗಾಜಿನ ನೆಗೆಟಿವ್‌ಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಸೇರಿ ಉಳಿದುಕೊಂಡವು. ಪುಣ್ಯ. ಆದರೂ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು: ಅರಮನೆಯ ಆ ಫೋಟೋಗಳಲ್ಲಿ ಕುರ್ಚಿಯ ಮೇಲೆ ಕೂತ ಅಮೀರರಿಗೆ ಹೆಸರುಂಟು, ಬಿರುದುಂಟು; ಹಿಂದೆ ಕೈಕಟ್ಟಿ ನಿಂತವರಿಗೆ ಏನೂ ಇಲ್ಲ.

ರಾತ್ರಿ ಗೆಳತಿಯ ಮನೆಯಲ್ಲಿ ಜಪಾನಿನ ಛಾಯಾಗ್ರಾಹಕ ಹಿರೋ ಕಿಕಾಯ್ ಅವರ ಚಿತ್ರಪುಸ್ತಕ ಸಿಕ್ಕಿತು. ತತ್ವಶಾಸ್ತ್ರ ಓದಿ, ಲಾರಿ ಓಡಿಸಿ, ಮೀನಿನ ಹಡಗಿನಲ್ಲೂ ದುಡಿದ ಮನುಷ್ಯ. 1973ರಿಂದ ದಶಕಗಳ ಕಾಲ ಟೋಕಿಯೋದ ಅಸಾಕುಸಾ ದೇವಸ್ಥಾನದ ಬಳಿ ಗಂಟೆಗಟ್ಟಲೆ ಕಾದು, ದಾರಿಹೋಕರನ್ನು ಕೇಳಿಕೊಂಡು, ಬರಿಗೋಡೆಯ ಮುಂದೆ ನಿಲ್ಲಿಸಿ ತೆಗೆದ ಕಪ್ಪು-ಬಿಳುಪು ಚಿತ್ರಗಳು. ಕುರ್ಚಿಯಿಲ್ಲ, ಪರದೆಯಿಲ್ಲ. ಸವೆದ ಕೋಟು, ಎಲ್ಲಿಡಬೇಕೆಂದು ತಿಳಿಯದ ಕೈಗಳು, ನೆಟ್ಟಗೆ ನಮ್ಮನ್ನೇ ನೋಡುವ ಕಣ್ಣು. ಪ್ರತಿ ಚಿತ್ರದಡಿ ಆ ವ್ಯಕ್ತಿಯ ಬಗ್ಗೆ ಒಂದೇ ಸಾಲು. ಆ ಸಾಲು ಓದಿ ಮತ್ತೆ ಮುಖ ನೋಡಿದರೆ ಎಲ್ಲೋ ಕಂಡವರಂತೆ ಅನ್ನಿಸುತ್ತದೆ. ನಮ್ಮ ಎ. ಎನ್. ಮುಕುಂದ ಅವರು ತೆಗೆದ ಸಾಹಿತಿಗಳ ಚಿತ್ರಗಳು ನೆನಪಾದವು. ಆದರೆ ಅವರೆಲ್ಲ ಹೆಸರಾದವರು. ಕಿಕಾಯ್ ಅವರದು ಯಾರೂ ಗುರುತಿಸದವರ ಸಾಲು. ನನಗೆ ಅದೇ ದೊಡ್ಡದಾಗಿ ಕಂಡಿತು.

ಇಂಥ ಪುಸ್ತಕಕ್ಕೆ ದೊಡ್ಡ ಪ್ರಕಾಶಕರೇ ಬೇಕೆಂದಿಲ್ಲ. ಜಪಾನಿನವರೇ ಆದ ಛಾಯಾಗ್ರಾಹಕ ನೊಬುಯೋಶಿ ಅರಾಕಿ 1971ರಲ್ಲಿ ತಮ್ಮ ಮಧುಚಂದ್ರದ ಚಿತ್ರಗಳನ್ನು ತಾವೇ ಪುಸ್ತಕ ಮಾಡಿಸಿ ಸಾವಿರ ಪ್ರತಿ ತಂದರು. ಇಂದು ಜಪಾನಿನ ಹೆಸರಾಂತ ಚಿತ್ರಪುಸ್ತಕಗಳಲ್ಲಿ ಅದೂ ಒಂದು.

ಅಕ್ಕ, ಅಟ್ಟದ ಟ್ರಂಕಿನಲ್ಲಿರುವ ಫೋಟೋಗಳನ್ನು ಇಳಿಸು. ಅಜ್ಜನ ಮದುವೆಯ ಗುಂಪುಚಿತ್ರದಲ್ಲಿ ಹಿಂದೆ ನಿಂತ ಆಳುಗಳು, ಅಡುಗೆಯವರು ಯಾರೆಂದು ಅಮ್ಮನಿಗೆ ಇನ್ನೂ ನೆನಪಿದೆ. ಊರು, ಹೆಸರು, ಒಂದು ಸಾಲು ಇದ್ದರೆ ಸಾಕು. ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆ, ಬಾಲ್‌ಪೆನ್ ಬೇಡ, ಅಚ್ಚು ಮೂಡುತ್ತದೆ. ನಾನು ಬಂದಮೇಲೆ ಸ್ಕ್ಯಾನ್ ಮಾಡಿಸಿ ಸಣ್ಣ ಪುಸ್ತಕ ಮಾಡೋಣ. ಈ ಭಾನುವಾರವೇ ಅಮ್ಮನ ಜೊತೆ ಕೂತುಬಿಡು.

ನಿನ್ನ ತಂಗಿ