ಹಂಪಿಗೆ ಒಂದು ದಿನ ಸಾಲದು

ಹೊಸಪೇಟೆಯಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರ ಕೊರತೆ ಇರುವುದಿಲ್ಲ. ದಸರಾ ರಜೆ ಬಂತೆಂದರೆ ಫೋನ್ ಬರುತ್ತದೆ: "ಬೆಳಿಗ್ಗೆ ಬಂದು, ಹಂಪಿ ನೋಡಿ, ರಾತ್ರಿ ಹೊರಡ್ತೇವೆ." ನಾವು ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇವೆ. ಒಂದು ದಿನಕ್ಕಾದರೆ ಬರಬೇಡಿ, ಮೂರು ದಿನಕ್ಕೆ ಬನ್ನಿ. ಈ ಹಠಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಮಂಗಳೂರಿನಿಂದ ತಂಗಿಯ ಕುಟುಂಬ ಬಂದಿತ್ತು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಯಾರೋ ಒಬ್ಬ ಗೈಡ್ ಬೇರೆ ಗುಂಪಿಗೆ ವಿವರಿಸುತ್ತಿದ್ದ. 1565ರಲ್ಲಿ ಮುಸ್ಲಿಮರು ಬಂದರು, ಎಲ್ಲವನ್ನೂ ಒಡೆದರು, ಸುಟ್ಟರು. ಅವನ ಇತಿಹಾಸ ಅಷ್ಟಕ್ಕೇ ಮುಗಿಯಿತು. ಎಂಟನೇ ತರಗತಿ ಓದುತ್ತಿದ್ದ ತಂಗಿಯ ಮಗ ಅದನ್ನು ಕೇಳಿಸಿಕೊಂಡು ಮೆಲ್ಲಗೆ ಪಕ್ಕಕ್ಕೆ ಬಂದ.

"ಮಾಮಾ, ಇದನ್ನೆಲ್ಲ ಒಡೆದದ್ದು ನಮ್ಮವರಾ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಲ್ಲ ಎಂದರೆ ಸುಳ್ಳಾಗುತ್ತದೆ. ದಖ್ಖನಿನ ಸುಲ್ತಾನರ ಸೇನೆಗಳು ಗೆದ್ದವು, ನಗರ ಹಾಳಾಯಿತು, ಅದು ನಿಜ. ಹೌದು ಎಂದು ಸುಮ್ಮನಾದರೂ ಸುಳ್ಳೇ ಆಗುತ್ತದೆ. ಭಾವನವರು ಆ ರಾತ್ರಿಯೇ ಹೊರಡುವುದೆಂದು ಟಿಕೆಟ್ ಮಾಡಿಸಿದ್ದರು. ಅದನ್ನು ರದ್ದು ಮಾಡಿಸಿದೆವು. ಹುಡುಗನಿಗೆ "ನಾಳೆ ಹೇಳ್ತೇವೆ, ಬಾ" ಎಂದೆವು. ಅಂದಿನಿಂದ ನಮ್ಮ ನೆಂಟರಿಗೆಲ್ಲ ಇದೇ ದಾರಿ.

ಮೊದಲ ದಿನ ಎಲ್ಲರೂ ನೋಡುವುದನ್ನೇ ನೋಡಿ. ಬೆಂಗಳೂರಿನಿಂದ ಬರುವವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದು ಬೇಗ ಹೊರಡಬೇಕು. ಹಂಪಿ ಇಲ್ಲಿಂದ ಸುಮಾರು 13 ಕಿ.ಮೀ. ಹತ್ತು ಗಂಟೆಯ ಮೇಲೆ ಇಲ್ಲಿಯ ಬಂಡೆಗಳು ಹೆಂಚಿನಂತೆ ಕಾಯುತ್ತವೆ. ಮಾರ್ಚ್‌ನಿಂದ ಮೇ ತನಕ ಮಕ್ಕಳನ್ನು, ವಯಸ್ಸಾದವರನ್ನು ಕರೆತರಲೇಬೇಡಿ. ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ಬಡಿದು ನೋಡುವ ಆಸೆ ಬೇಡ, ಅದಕ್ಕೆ ನಿಷೇಧವಿದೆ. ಹಂಪಿಯೊಳಗೆ ಮಾಂಸದೂಟ ಹುಡುಕಬೇಡಿ. ಅದು ಕ್ಷೇತ್ರ, ಅಲ್ಲಿಯ ರೀತಿಗೆ ನಾವು ಗೌರವ ಕೊಡಬೇಕು. ಬಿರಿಯಾನಿಗೆ ಹೊಸಪೇಟೆ ಇದ್ದೇ ಇದೆ.

ಎರಡನೆಯ ದಿನ ಗೈಡ್‌ಗಳು ತೋರಿಸದ ದಾರಿ. ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ ಕಡಿರಾಂಪುರ ಸಿಗುತ್ತದೆ. ಅಲ್ಲಿ ಗುಮ್ಮಟವಿರುವ ಎರಡು ಹಳೆಯ ಗೋರಿಗಳಿವೆ. ಬಸ್ಸುಗಳು ನಿಲ್ಲದೆ ಮುಂದೆ ಹೋಗುತ್ತವೆ. ಆಮೇಲೆ ಕಮಲಾಪುರದ ವಸ್ತುಸಂಗ್ರಹಾಲಯ. ಅಲ್ಲಿರುವ ಹಂಪಿಯ ದೊಡ್ಡ ಮಾದರಿಯನ್ನು ನೋಡಿದರೆ ಊರಿನ ನಕ್ಷೆ ತಲೆಗೆ ಇಳಿಯುತ್ತದೆ. ಶುಕ್ರವಾರ ಅದಕ್ಕೆ ರಜೆ, ನೆನಪಿರಲಿ.

ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಅಹ್ಮದ್ ಖಾನನ ಮಸೀದಿ ಇದೆ. ಮಿನಾರವಿಲ್ಲ, ಗುಮ್ಮಟವಿಲ್ಲ. ದೇವಸ್ಥಾನದ ಮಂಟಪದಂಥದೇ ಕಲ್ಲಿನ ಕಂಬಗಳು, ಚಪ್ಪಟೆ ಛಾವಣಿ. ಪಶ್ಚಿಮದ ಗೋಡೆಯ ಗೂಡನ್ನು ನೋಡಿದರೆ ಮಾತ್ರ ಮಸೀದಿ ಎಂದು ತಿಳಿಯುತ್ತದೆ. ಅಹ್ಮದ್ ಖಾನ್ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಧಿಕಾರಿ. 1439ರಲ್ಲಿ ಇದನ್ನು ಕಟ್ಟಿಸಿ ಕನ್ನಡದಲ್ಲಿ ಶಾಸನ ಹಾಕಿಸಿದ. ಅದರಲ್ಲಿ ಈ ಕಟ್ಟಡಕ್ಕೆ 'ಧರ್ಮಸಾಲೆ' ಎಂದು ಹೆಸರು. ಅದರ ಪುಣ್ಯ ದೇವರಾಯ ಮಹಾರಾಯರಿಗೆ ಸಲ್ಲಲಿ ಎಂದು ಬರೆಸಿದ್ದಾನೆ. ಹುಡುಗನಿಗೆ ಇದನ್ನು ಎರಡು ಸಲ ಹೇಳಿದೆವು. ಮಸೀದಿ ಕಟ್ಟಿಸಿದವನು ಮುಸ್ಲಿಮ್, ಪುಣ್ಯ ಬಯಸಿದ್ದು ಹಿಂದೂ ಅರಸನಿಗೆ, ಬರೆಸಿದ್ದು ಕನ್ನಡದಲ್ಲಿ.

ದೇವರಾಯ ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿಕೊಳ್ಳುತ್ತಿದ್ದ, ಮುಸ್ಲಿಮ್ ಸೈನಿಕರು ವಂದಿಸುವಾಗ ಅವರ ಧರ್ಮಕ್ಕೆ ಚ್ಯುತಿ ಬಾರದಿರಲೆಂದು ಹಾಗೆ ಮಾಡಿದ್ದ ಎಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇಲ್ಲಿಯ ಮುಸ್ಲಿಮ್ ಕೇರಿಯನ್ನು ಕಂಡಿದ್ದಾನೆ. ಅಲ್ಲಿಯ ಅನೇಕರು ಇದೇ ನಾಡಿನವರು, ಅರಸನ ಕಾವಲು ಪಡೆಯವರು ಎಂದಿದ್ದಾನೆ. ಇಷ್ಟು ತಿಳಿದು ಕಮಲ ಮಹಲಿನ ಕಮಾನುಗಳನ್ನೂ ಆನೆಲಾಯದ ಸಾಲು ಗುಮ್ಮಟಗಳನ್ನೂ ನೋಡಿ. ಬೇರೆಯೇ ಕಾಣುತ್ತವೆ.

ಮೂರನೆಯ ದಿನ ಬೆಳಿಗ್ಗೆ ಕಂಪ್ಲಿ, ಮಧ್ಯಾಹ್ನ ಸಂಡೂರು. ಎರಡೂ ಹೊಸಪೇಟೆಯಿಂದ ಸುಮಾರು 30 ಕಿ.ಮೀ., ಆದರೆ ಬೇರೆ ಬೇರೆ ದಿಕ್ಕು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಗೆ ಗದ್ದೆಗಳ ನಡುವೆ ಹೋಗುವ ದಾರಿಯೇ ಚಂದ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಹಳೆಯ ಸೇತುವೆ ಮುಳುಗುತ್ತದೆ. ಮಳೆಗಾಲದಲ್ಲಿ ವಿಚಾರಿಸಿ ಹೊರಡಿ.

ಕಂಪ್ಲಿಯಲ್ಲಿ ನೋಡಲು ಹೆಚ್ಚೇನಿಲ್ಲ, ಹೇಳಲು ಇದೆ. ವಿಜಯನಗರಕ್ಕೂ ಮೊದಲು ಇದು ಕಂಪಿಲರಾಯನ ನಾಡು. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಈ ಅರಸನ ಮೊರೆ ಹೊಕ್ಕ. ಸುಲ್ತಾನನ ಸೇನೆ ಬೆನ್ನು ಹತ್ತಿ ಬಂತು. ಅರಸ ಅವನನ್ನು ಒಪ್ಪಿಸಲಿಲ್ಲ. ಉಳಿಗಾಲವಿಲ್ಲವೆಂದು ತಿಳಿದಾಗ ಅವನನ್ನು ಇನ್ನೊಬ್ಬ ಅರಸನ ಬಳಿಗೆ ಕಳುಹಿಸಿ, ತಾನು ಹೋರಾಡಿ ಸತ್ತ. ಅದು 1327ರ ಸುಮಾರು. ಇದನ್ನು ಬರೆದಿಟ್ಟವನು ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ.

"ಒಪ್ಪಿಸಿದ್ದರೆ ರಾಜ್ಯ ಉಳೀತಿತ್ತಲ್ಲಾ ಮಾಮಾ?" ಎಂದ ಹುಡುಗ.

"ಉಳೀತಿತ್ತೇನೋ. ನಂಬಿ ಬಂದವನು ಉಳೀತಿರಲಿಲ್ಲ."

ಅವನು ಹೊಳೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತ. "ಹಾಗಾದ್ರೆ ಈ ಕತೆಯಲ್ಲಿ ನಮ್ಮವರು ಯಾರು?" ಎಂದು ಕೇಳಿದ. ಮಾವ ಹೇಳಬೇಕಾದ ಮಾತನ್ನು ಅವನೇ ಕೇಳಿಬಿಟ್ಟಿದ್ದ. ಓಡಿಬಂದವನು ಮುಸ್ಲಿಮ್, ಬೆನ್ನು ಹತ್ತಿದವನೂ ಮುಸ್ಲಿಮ್, ಕಾಪಾಡಲು ಪ್ರಾಣ ಕೊಟ್ಟವನು ಹಿಂದೂ. ನ್ಯಾಯದ ಪಕ್ಕ ನಿಂತವನೇ ನಮ್ಮವನು ಎಂದೆವು.

ಸಂಡೂರಿಗೆ ಮಳೆ ನಿಂತ ಮೇಲೆ ಹೋಗಬೇಕು. ಆಗ ಗುಡ್ಡಗಳು ಹಸಿರುಟ್ಟಿರುತ್ತವೆ. ಅದಿರಿನ ಲಾರಿಗಳ ಕೆಂಪು ಧೂಳೂ ಇರುತ್ತದೆ, ಮೂಗಿಗೊಂದು ಬಟ್ಟೆ ಇಟ್ಟುಕೊಳ್ಳಿ. ಕುಮಾರಸ್ವಾಮಿ ಬೆಟ್ಟದ ದೇವಸ್ಥಾನದ ಬಾಗಿಲನ್ನು ಸಂಡೂರಿನ ಘೋರ್ಪಡೆ ಅರಸರು 1932ರಲ್ಲೇ ದಲಿತರಿಗೆ ತೆರೆದಿದ್ದರು. ಲಂಬಾಣಿ ಹೆಂಗಸರು ಕನ್ನಡಿ ಚೂರು, ಬಣ್ಣದ ನೂಲಿನಿಂದ ಮಾಡುವ ಕಸೂತಿಯ ಒಂದು ಚೀಲವನ್ನಾದರೂ ಕೊಳ್ಳಿ. ಚೌಕಾಸಿ ಮಾಡಬೇಡಿ, ಒಂದೊಂದು ಹೊಲಿಗೆಗೂ ಕಣ್ಣು ಸವೆದಿರುತ್ತದೆ.

ಬಿದ್ದ ಊರನ್ನು ನೋಡಲು ಒಂದು ದಿನ ಸಾಕು. ಅಲ್ಲಿ ಜನ ಕೂಡಿ ಬಾಳಿದ್ದನ್ನು ನೋಡಲು ಇನ್ನೆರಡು ದಿನ ಬೇಕು. ಮಕ್ಕಳನ್ನು ಕರೆದುಕೊಂಡು ಬನ್ನಿ. ಅವರು ಕೇಳುವ ಪ್ರಶ್ನೆಗೆ ರಥದ ಮುಂದೆಯೇ ಉತ್ತರ ಕೊಡುವ ಅವಸರ ಬೇಡ. ತಳವಾರಘಟ್ಟದ ದಾರಿಯಲ್ಲಿ ಸ್ವಲ್ಪ ದೂರ ನಡೆಸಿಕೊಂಡು ಹೋಗಿ.